ಕೋರ್ಟ್ ಫೀ ಕೊರತೆಯಿಂದ ದಾವೆ ಬಿದ್ದುಹೋದರೆ ಮೇಲ್ಮನವಿ ಹೇಗೆ?

ಕೊರತೆ ಕೋರ್ಟ್ ಫೀ ಕಟ್ಟಲಿಲ್ಲವೆಂದೋ, ಸಮನ್ಸ್‌ಗೆ ಬೇಕಾದ ಪ್ರೋಸೆಸ್ ಫೀ ಹಾಗೂ ವಾದಪತ್ರದ (ದಾವೆ ಹೂಡಲು ಸಲ್ಲಿಸುವ ಮೂಲ ಅರ್ಜಿಯ) ಪ್ರತಿಗಳನ್ನು ಒದಗಿಸಲಿಲ್ಲವೆಂದೋ ಸಿವಿಲ್ ದಾವೆ ಮುಗಿದುಹೋದಾಗ, ಅಪೀಲಿಗೆ ಓಡುವ ಮೊದಲು ಆದೇಶ ಯಾವ ನಿಯಮದಡಿ ಹೊರಬಿದ್ದಿದೆ ಎಂಬುದನ್ನು ಓದಿ ತಿಳಿಯಬೇಕು. ಆಡುಮಾತಿನಲ್ಲಿ ಎಲ್ಲವೂ ‘ಕೇಸು ವಜಾ’ ಆದರೂ ಕಾನೂನಿನಲ್ಲಿ ಅವುಗಳ ದಾರಿ ಬೇರೆ ಬೇರೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 (ಸಂಹಿತೆಯಲ್ಲಿ ‘ಆದೇಶ’ ಎಂದರೆ ನಿಯಮಗಳ ಅಧ್ಯಾಯ), ನಿಯಮ 11ರ ಅಡಿ ವಾದಪತ್ರ ತಿರಸ್ಕೃತವಾಗಿದ್ದರೆ, ಕಲಂ 2(2)ರ ಪ್ರಕಾರ ಅದು ಡಿಕ್ರಿ, ಅಂದರೆ ದಾವೆಯ ಹಕ್ಕುಗಳನ್ನು ತೀರ್ಮಾನಿಸಿದ ಆದೇಶಕ್ಕೆ ಸಮ. ಆದ್ದರಿಂದ ಕಲಂ 96ರಡಿ ಮೇಲ್ಮನವಿ ಸಲ್ಲುತ್ತದೆ. ಪ್ರೋಸೆಸ್ ಫೀ ಕಟ್ಟದ ಕಾರಣ ಸಮನ್ಸ್ ಜಾರಿಯಾಗದೆ ಆದೇಶ 9, ನಿಯಮ 2ರಡಿ ವಜಾ ಆಗಿದ್ದರೆ ಅದು ಡಿಕ್ರಿಯಲ್ಲ. ಅಲ್ಲಿ ನಿಯಮ 4ರಡಿ ಅದೇ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮರುಸ್ಥಾಪನೆಯ ಅರ್ಜಿ ಹಾಕಬೇಕು, ಇಲ್ಲವೇ ಕಾಲಮಿತಿ ಉಳಿದಿದ್ದರೆ ಹೊಸ ದಾವೆ ಹೂಡಬೇಕು. ಈ ವ್ಯತ್ಯಾಸ ಗಮನಿಸದೆ ಮೇಲ್ಮನವಿ ಸಲ್ಲಿಸಿದವರು ಅದನ್ನು ಕಳೆದುಕೊಳ್ಳುವುದಲ್ಲದೆ ಆ 30 ದಿನಗಳನ್ನೂ ಕಳೆದುಕೊಳ್ಳುತ್ತಾರೆ.

ತಿರಸ್ಕಾರದ ವಿರುದ್ಧ ಮೇಲ್ಮನವಿಗೆ ಹೈಕೋರ್ಟಿನಲ್ಲಿ 90 ದಿನ, ಉಳಿದ ನ್ಯಾಯಾಲಯಗಳಲ್ಲಿ 30 ದಿನ ಗಡುವಿದೆ. ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು ಕಾಲಮಿತಿ ಕಾಯಿದೆಯ ಕಲಂ 12 ಲೆಕ್ಕದಿಂದ ಬಿಡುತ್ತದೆ. ಆದರೆ ನಕಲಿಗೆ ಅರ್ಜಿ ಕೊಡುವ ಮೊದಲು ನ್ಯಾಯಾಲಯವು ಡಿಕ್ರಿ ಸಿದ್ಧಪಡಿಸಲು ತೆಗೆದುಕೊಂಡ ಸಮಯ ಹಾಗೆ ಬಿಟ್ಟುಹೋಗುವುದಿಲ್ಲವಾದ್ದರಿಂದ, ಸಾಧ್ಯವಾದರೆ ಆದೇಶದ ದಿನವೇ ನಕಲಿಗೆ ಅರ್ಜಿ ಕೊಡಿ. ಗಡುವು ಮೀರಿದ್ದರೆ, ಆದೇಶ 41, ನಿಯಮ 3ಎ ಹೇಳುವಂತೆ, ಕಾಲಮಿತಿ ಕಾಯಿದೆಯ ಕಲಂ 5ರಡಿ ವಿಳಂಬ ಮನ್ನಾ ಕೋರುವ ಅರ್ಜಿ ಮತ್ತು ಅಫಿಡವಿಟ್ಟನ್ನು ಮೇಲ್ಮನವಿಯ ಜೊತೆಗೇ ಸಲ್ಲಿಸಬೇಕು.

ತೀರ್ಪಿನ ನಕಲಿನೊಂದಿಗೆ ಆರ್ಡರ್ ಶೀಟಿನ (ಪ್ರತಿ ತಾರೀಖಿನಂದು ನ್ಯಾಯಾಲಯ ಬರೆದಿಡುವ ಟಿಪ್ಪಣಿಗಳ ಹಾಳೆಯ) ದೃಢೀಕೃತ ನಕಲನ್ನೂ ತೆಗೆಸಿ; ಗೆಲ್ಲುವ ಅಂಶ ಅನೇಕ ವೇಳೆ ಅಲ್ಲೇ ಇರುತ್ತದೆ. ಕಡಿಮೆ ಮೌಲ್ಯ ಅಥವಾ ಕಡಿಮೆ ಫೀ ಕಾರಣಕ್ಕೆ ತಿರಸ್ಕರಿಸುವ ಮುನ್ನ ನ್ಯಾಯಾಲಯವು ಕೊರತೆ ಸರಿಪಡಿಸಲು ಸೂಚಿಸಿ ನಿರ್ದಿಷ್ಟ ಸಮಯ ಕೊಡಬೇಕು ಎಂದು ಆದೇಶ 7ರ ನಿಯಮ 11 ಹೇಳುತ್ತದೆ. ಯಾವ ದಿನ ಸೂಚನೆ ಬಂತು, ಎಷ್ಟು ಸಮಯ ಸಿಕ್ಕಿತು, ಸಮಯ ವಿಸ್ತರಿಸಲು ಕೇಳಿದ್ದೆವೇ, ಕೇಳಿದ್ದರೆ ಅಸಾಧಾರಣ ಕಾರಣವನ್ನು ನ್ಯಾಯಾಲಯ ಪರಿಗಣಿಸಿತೇ ಎಂಬುದನ್ನು ತಾರೀಖುವಾರು ಬರೆದುಕೊಂಡು, ಮೇಲ್ಮನವಿಯ ಆಧಾರಗಳನ್ನು ಅದರ ಮೇಲೆ ಕಟ್ಟಬೇಕು. ‘ನಮಗೆ ಅನ್ಯಾಯವಾಗಿದೆ’ ಎಂದು ನಾಲ್ಕು ಪುಟ ಬರೆಯುವುದಕ್ಕಿಂತ, ಸಮಯ ನಿಗದಿಪಡಿಸದೆ ತಿರಸ್ಕರಿಸಲಾಗಿದೆ ಎಂದು ತಾರೀಖಿನ ಸಹಿತ ತೋರಿಸುವ ಎರಡು ಸಾಲು ಹೆಚ್ಚು ತೂಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 149ರಡಿ ಕೊರತೆ ಫೀ ತುಂಬಲು ಅವಕಾಶ ಕೊಡುವ ವಿವೇಚನೆ ನ್ಯಾಯಾಲಯಕ್ಕಿದೆ. ಅದನ್ನು ಬಳಸಬೇಕೆಂದು ಕೋರಿ, ಹಣ ಸಿದ್ಧವಿದೆ ಎಂದು ಅಫಿಡವಿಟ್ಟಿನಲ್ಲಿ ಹೇಳಿ.

ಇನ್ನೊಂದು ಲೆಕ್ಕವನ್ನು ವಕೀಲರೊಂದಿಗೆ ಕುಳಿತು ಹಾಕುವುದು ಒಳ್ಳೆಯದು. ಆದೇಶ 7ರ ನಿಯಮ 13ರಂತೆ, ತಿರಸ್ಕಾರವಾದರೂ ಅದೇ ವ್ಯಾಜ್ಯಕಾರಣದ (ದಾವೆಗೆ ಆಧಾರವಾದ ಸಂಗತಿಗಳ) ಮೇಲೆ ಹೊಸ ವಾದಪತ್ರ ಸಲ್ಲಿಸಲು ಅಡ್ಡಿಯಿಲ್ಲ. ದೋಷ ಫೀ ಮಾತ್ರವಾಗಿದ್ದು ಮೂಲ ದಾವೆಯ ಕಾಲಮಿತಿ ಇನ್ನೂ ಉಳಿದಿದ್ದರೆ, ಮೇಲ್ಮನವಿಯ ಸರದಿಗಾಗಿ ವರ್ಷಗಟ್ಟಲೆ ಕಾಯುವುದಕ್ಕಿಂತ ಹೊಸ ದಾವೆಯೇ ಹತ್ತಿರದ ದಾರಿ ಎಂಬುದು ನನ್ನ ಅಭಿಪ್ರಾಯ. ಕಾಲಮಿತಿ ತೀರಿದ್ದರೆ ಮೇಲ್ಮನವಿಯನ್ನೇ ನೆಚ್ಚಬೇಕಾಗುತ್ತದೆ, ಏಕೆಂದರೆ ಅದು ಗೆದ್ದು ವಾದಪತ್ರ ಮತ್ತೆ ಕಡತಕ್ಕೆ ಬಂದರೆ ಮೊದಲು ಸಲ್ಲಿಸಿದ ತಾರೀಖು ಉಳಿಯುತ್ತದೆ.