ಅರ್ಧ ಕಿಲೊ ಪ್ಲೇಟಿನ ಲೆಕ್ಕ: ಮನೆಯ ವ್ಯಾಯಾಮಕ್ಕೆ ತೂಕ ಆರಿಸಿಕೊಂಡ ನನ್ನ ಅನುಭವ

ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷ ನನಗೆ ನಲವತ್ತನಾಲ್ಕು ತುಂಬಿತ್ತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದರಿಂದ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಬರಿಯ ನಡಿಗೆ ಸಾಲದು, ಭಾರ ಎತ್ತುವ ಅಭ್ಯಾಸವೂ ಬೇಕು ಎಂದು ಅಮ್ಮನನ್ನು ನೋಡುತ್ತಿದ್ದ ವೈದ್ಯರು ನನ್ನ ಕಡೆಗೆ ತಿರುಗಿ ಹೇಳಿದರು. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಶಾಲೆಯಲ್ಲಿ ಗಣಿತ ಪಾಠ, ಮನೆಯಲ್ಲಿ ಅಮ್ಮನ ಆರೈಕೆ. ಇವೆರಡರ ನಡುವೆ ಜಿಮ್ಮಿಗೆ ಹೋಗಿಬರುವಷ್ಟು ಬಿಡುವು ಇರಲಿಲ್ಲ. ಹಾಗಾಗಿ ಮಂಗಳೂರಿನ ನಮ್ಮ ಬಾಡಿಗೆ ಮನೆಯ ಎರಡನೆಯ ಮಹಡಿಯ ಕೋಣೆಯಲ್ಲೇ ಅಭ್ಯಾಸ ಮಾಡುವುದೆಂದು ತೀರ್ಮಾನಿಸಿ, ಆನ್‌ಲೈನಿನಲ್ಲಿ ವ್ಯಾಯಾಮದ ತೂಕಗಳ 20 ಕಿಲೊದ ಸೆಟ್ ಒಂದನ್ನು ತರಿಸಿಕೊಂಡೆ.

ಪಿವಿಸಿ ಚಿಪ್ಪಿನೊಳಗೆ ಸಿಮೆಂಟು ತುಂಬಿದ 2 ಕಿಲೊದ ನಾಲ್ಕು ಪ್ಲೇಟು, 3 ಕಿಲೊದ ನಾಲ್ಕು ಪ್ಲೇಟು, ಒಂದೊಂದು ಕೈಯಲ್ಲಿ ಹಿಡಿದೆತ್ತುವ 14 ಇಂಚಿನ ಎರಡು ಡಂಬೆಲ್ ರಾಡು, 3 ಅಡಿಯ ಒಂದು ರಾಡು, ಜೊತೆಗೆ ಕೈಗವಸು ಮತ್ತು ಸ್ಕಿಪ್ಪಿಂಗ್ ಹಗ್ಗ ಅದರಲ್ಲಿದ್ದವು. ಹೊಸಬರಿಗೆ 20 ಕಿಲೊ ಧಾರಾಳವಾಗಿ ಸಾಕು ಎಂದು ನಾನೂ ನಂಬಿದ್ದೆ. ಎರಡು ತಿಂಗಳಲ್ಲಿ ಆ ನಂಬಿಕೆ ಎರಡು ಕಡೆಯಿಂದ ಮುರಿಯಿತು. ಭುಜದ ವ್ಯಾಯಾಮಕ್ಕೆ ಆ ಸೆಟ್ ತೀರ ಭಾರವಾಗಿತ್ತು, ಕಾಲು ಮತ್ತು ಬೆನ್ನಿನ ವ್ಯಾಯಾಮಕ್ಕೆ ತೀರ ಹಗುರವಾಗಿತ್ತು.

ಭುಜದ ಲೆಕ್ಕವನ್ನು ಮೊದಲು ಹೇಳುತ್ತೇನೆ. ಡಂಬೆಲ್ ರಾಡಿನ ತೂಕ ನಟ್ಟುಗಳೂ ಸೇರಿ ಸುಮಾರು ಒಂದೂವರೆ ಕಿಲೊ. ಎರಡೂ ಬದಿಗೆ 2 ಕಿಲೊ ಪ್ಲೇಟು ಹಾಕಿದರೆ ಒಂದು ಡಂಬೆಲ್ 5.5 ಕಿಲೊ ಆಗುತ್ತದೆ. ಅದರ ಮುಂದಿನ ಮೆಟ್ಟಿಲು 7.5 ಕಿಲೊ. ಅಂದರೆ ಒಂದೇ ಏಟಿಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಏರಿಕೆ. 5.5 ಕಿಲೊವನ್ನು ತಲೆಯ ಮೇಲಕ್ಕೆ ಹನ್ನೆರಡು ಸಲ ಎತ್ತಬಲ್ಲವಳಾಗಿದ್ದರೂ 7.5 ಕಿಲೊವನ್ನು ಎರಡು ಸಲ ಎತ್ತುವಷ್ಟರಲ್ಲಿ ನನ್ನ ಬೆನ್ನು ಹಿಂದಕ್ಕೆ ಬಾಗುತ್ತಿತ್ತು. ನೆಲದ ಮೇಲಿನ ರಾಡನ್ನು ಬಾಗಿ ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟಿನಲ್ಲಿ ಸ್ಥಿತಿ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ಮೂರೂವರೆ ಕಿಲೊದ ರಾಡಿಗೆ ಎಂಟೂ ಪ್ಲೇಟುಗಳನ್ನು ಏರಿಸಿದರೂ ಒಟ್ಟು 23.5 ಕಿಲೊ, ತಿಂಗಳಿಗೊಮ್ಮೆ ಅಡುಗೆಮನೆಗೆ ಎತ್ತಿಕೊಂಡು ಹೋಗುವ 25 ಕಿಲೊ ಅಕ್ಕಿಮೂಟೆಗಿಂತ ಅದು ಕಡಿಮೆ, ತುಂಬಿದ ಗ್ಯಾಸ್ ಸಿಲಿಂಡರಿನ ಸುಮಾರು 30 ಕಿಲೊಗಿಂತ ಇನ್ನೂ ಕಡಿಮೆ. ಮೇಲಾಗಿ 3 ಅಡಿಯ ರಾಡಿನಲ್ಲಿ ಎರಡು ಪ್ಲೇಟುಗಳ ನಡುವಿನ ಜಾಗ ಕಿರಿದಾದ್ದರಿಂದ, ಕಾಲುಗಳ ಹೊರಗೆ ಕೈಯಿಟ್ಟು ಹಿಡಿಯಲು ಹೋದರೆ ಬೆರಳಿನ ಗೆಣ್ಣು ಪ್ಲೇಟಿಗೆ ತಾಗುತ್ತಿತ್ತು.

ಇನ್ನೆರಡು ಸಿಮೆಂಟು ಪ್ಲೇಟು ಕೊಂಡರಾಯಿತು ಎಂದುಕೊಂಡೆ. ಆದರೆ ಎರಕದ ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಮ್, ಕಾಂಕ್ರೀಟಿನದು ಸುಮಾರು 2.4 ಗ್ರಾಮ್. ಒಂದೇ ತೂಕಕ್ಕೆ ಸಿಮೆಂಟು ಮೂರು ಪಟ್ಟು ಜಾಗ ತಿನ್ನುತ್ತದೆ. 14 ಇಂಚಿನ ರಾಡಿನಲ್ಲಿ ಹಿಡಿಯ ಭಾಗವನ್ನೂ ನಟ್ಟಿನ ದಪ್ಪವನ್ನೂ ಕಳೆದರೆ ಪ್ರತಿ ಬದಿಗೆ ಉಳಿಯುವುದು ಎಂಟು ಸೆಂಟಿಮೀಟರಿನ ಆಸುಪಾಸು. ಅಲ್ಲಿ ಎರಡು ಸಿಮೆಂಟು ಪ್ಲೇಟು ಕುಳಿತರೆ ಮೂರನೆಯದಕ್ಕೆ ಎಡೆಯಿಲ್ಲ. ಹೀಗೆ ಆ ಸೆಟ್ಟಿನ ಮಿತಿಯನ್ನು ಅದರ ತೂಕಕ್ಕಿಂತ ಹೆಚ್ಚಾಗಿ ಅದರ ದಪ್ಪವೇ ನಿರ್ಧರಿಸುತ್ತಿತ್ತು.

ಎರಡನೆಯ ಸಲ ಹಂಪನಕಟ್ಟೆಯ ಕಡೆಯ ಕ್ರೀಡಾ ಸಾಮಗ್ರಿಯ ಅಂಗಡಿಗೆ ನಾನೇ ಹೋದೆ. ಪುರುಷರ ಒಲಿಂಪಿಕ್ ಬಾರ್ಬೆಲ್, ಅಂದರೆ ಎರಡೂ ಕೈಯಲ್ಲಿ ಎತ್ತುವ ಉದ್ದ ರಾಡು, ಒಂದೇ 20 ಕಿಲೊ ಇರುತ್ತದೆ, ಉದ್ದ 2.2 ಮೀಟರು, ಪ್ಲೇಟು ಕೂರುವ ತುದಿಯ ವ್ಯಾಸ 50 ಮಿಲಿಮೀಟರು. ಬರಿಯ ಆ ರಾಡನ್ನು ತಲೆಯ ಮೇಲೆತ್ತುವ ಶಕ್ತಿ ನನ್ನಲ್ಲಿರಲಿಲ್ಲ, ಅದನ್ನು ಅಡ್ಡಡ್ಡ ಇಡುವಷ್ಟು ಅಗಲದ ಕೋಣೆಯೂ ನಮ್ಮದಲ್ಲ. ಹಾಗಾಗಿ 25 ಮಿಲಿಮೀಟರಿನ, 5 ಅಡಿ ಉದ್ದದ ಸಾಧಾರಣ ರಾಡನ್ನು ಆರಿಸಿದೆ. ಅದರ ತೂಕ ಸುಮಾರು 6 ಕಿಲೊ. ರಬ್ಬರ್ ಹೊದಿಸಿದ ಕಬ್ಬಿಣದ ಪ್ಲೇಟುಗಳನ್ನು ಕಿಲೊ ಲೆಕ್ಕದಲ್ಲಿ ಮಾರುತ್ತಾರೆ; 5 ಕಿಲೊದವು ಎರಡು, 2.5 ಕಿಲೊದವು ನಾಲ್ಕು, 1.25 ಕಿಲೊದವು ನಾಲ್ಕು, ಹೀಗೆ 25 ಕಿಲೊ ಕೊಂಡೆ. ಪ್ರತಿಯೊಂದು ಪ್ಲೇಟನ್ನೂ ಅಲ್ಲಿಯೇ ರಾಡಿಗೆ ಏರಿಸಿ ನೋಡಿದೆ, ಏಕೆಂದರೆ ಪ್ಲೇಟಿನ ತೂತು 30 ಮಿಲಿಮೀಟರಿನದಾದರೂ ರಾಡಿಗೆ ಹೋಗುತ್ತದೆ, ಆದರೆ ಎತ್ತುವಾಗ ಅಲುಗಾಡಿ ಕಟಕಟ ಸದ್ದು ಮಾಡುತ್ತದೆ. ಪರಿಚಯದ ಅಡಿಕೆ ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದಾಗ 5 ಕಿಲೊದ ಜೋಡಿಯಲ್ಲಿ ಒಂದು 4.8, ಇನ್ನೊಂದು 5.1 ಎಂದು ತೋರಿಸಿತು. ಅಂದಿನಿಂದ ಪ್ಲೇಟುಗಳ ಹಿಂಬದಿಯಲ್ಲಿ ನಿಜವಾದ ತೂಕವನ್ನು ಬಿಳಿ ಬಣ್ಣದಿಂದ ಬರೆದಿಟ್ಟುಕೊಂಡು, ಎರಡೂ ಬದಿ ಸಮನಾಗುವಂತೆ ಹೊಂದಿಸಿ ಹಾಕುತ್ತೇನೆ.

ಇಷ್ಟಾದರೂ ಭುಜದ ತೊಡಕು ಪೂರ್ತಿ ಬಗೆಹರಿಯಲಿಲ್ಲ. 1.25 ಕಿಲೊದ ಒಂದು ಜೋಡಿ ಎಂದರೆ 2.5 ಕಿಲೊ, 11 ಕಿಲೊ ಎತ್ತುವವಳಿಗೆ ಅದು ನೂರಕ್ಕೆ 23ರ ಏರಿಕೆ. ನಾನು ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿನ ಗರಡಿಮನೆಯ ಗೋಡೆಗೆ ಒರಗಿಸಿಟ್ಟಿರುತ್ತಿದ್ದ ಕರ್ಲಕಟ್ಟೆಗಳು (ಬೀಸಿ ತಿರುಗಿಸುವ ಮರದ ಗದೆಗಳು) ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತ ಹೋಗುವುದನ್ನು ಬಾಗಿಲಾಚೆಯಿಂದ ನೋಡಿದ್ದು ಆಗ ನೆನಪಿಗೆ ಬಂತು. ನನಗೂ ಅಂಥ ಸಣ್ಣ ಮೆಟ್ಟಿಲುಗಳೇ ಬೇಕಾಗಿದ್ದವು. ಅಂಗಡಿಯಲ್ಲಿ ಅರ್ಧ ಕಿಲೊದ ಪ್ಲೇಟು ಇರಲಿಲ್ಲವಾದ್ದರಿಂದ ಮಾಡಿಸಿಕೊಳ್ಳುವುದೆಂದು ನಿಶ್ಚಯಿಸಿದೆ. ಉಕ್ಕಿನ ಸಾಂದ್ರತೆ 7.85, ಹಾಗಾದರೆ 500 ಗ್ರಾಮಿಗೆ ಸುಮಾರು 64 ಘನ ಸೆಂಟಿಮೀಟರು ಬೇಕು. 10 ಮಿಲಿಮೀಟರು ದಪ್ಪದ ಹಾಳೆಯಲ್ಲಿ 94 ಮಿಲಿಮೀಟರು ವ್ಯಾಸದ ಬಿಲ್ಲೆ ಕತ್ತರಿಸಿ, ನಡುವೆ 26 ಮಿಲಿಮೀಟರಿನ ತೂತು ಕೊರೆದರೆ ಸರಿಯಾಗಿ ಅಷ್ಟಾಗುತ್ತದೆ. ಬೈಕಂಪಾಡಿಯ ಒಂದು ಲೇತ್ ಕಾರ್ಯಾಗಾರದಲ್ಲಿ ಈ ಅಳತೆಯ ಚೀಟಿ ಕೊಟ್ಟು ನಾಲ್ಕು ಬಿಲ್ಲೆಗಳನ್ನು ಮಾಡಿಸಿದೆ. ತಕ್ಕಡಿಯಲ್ಲಿ ಅವು 498ರಿಂದ 505 ಗ್ರಾಮಿನೊಳಗೆ ಬಂದಾಗ ನನಗಾದ ಸಂತೋಷ ದೊಡ್ಡದು. ನನ್ನ ಸಾಮಾನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗಿರುವುದು ಈ ನಾಲ್ಕು ಬಿಲ್ಲೆಗಳೇ. ಒಂದು ಜೋಡಿ ಹಾಕಿದರೆ 1 ಕಿಲೊ ಏರುತ್ತದೆ, ಎರಡು ಜೋಡಿಗೆ 2 ಕಿಲೊ, ಆಮೇಲೆ ಅವನ್ನು ತೆಗೆದು 1.25 ಕಿಲೊದ ಜೋಡಿ. ಹೀಗೆ ಎರಡೆರಡು ವಾರಕ್ಕೊಮ್ಮೆ ಏರುತ್ತ ಹೋದೆ.

ಸಣ್ಣ ಪ್ಲೇಟುಗಳಿಂದ ಡೆಡ್‌ಲಿಫ್ಟಿಗೆ ಒಂದು ತೊಂದರೆಯಿದೆ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 450 ಮಿಲಿಮೀಟರು ಇರುವುದರಿಂದ ರಾಡಿನ ನಡುಗೆರೆ ನೆಲದಿಂದ 22.5 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ನನ್ನ 5 ಕಿಲೊ ಪ್ಲೇಟಿನಲ್ಲಿ ಅದು ಅರ್ಧದಷ್ಟೇ. ಅಷ್ಟು ಕೆಳಗಿನಿಂದ ಎತ್ತಲು ಹೋದಾಗ ಸೊಂಟ ಗೂನಾಗುತ್ತಿತ್ತು. ಹಳೆಯ ಹಲಸಿನ ಹಲಗೆಯ ತುಂಡುಗಳನ್ನು 10 ಸೆಂಟಿಮೀಟರು ಎತ್ತರಕ್ಕೆ ಜೋಡಿಸಿ, ಮೇಲೆ ರಬ್ಬರ್ ಹಾಳೆ ಹೊಡೆಸಿ, ಪ್ಲೇಟುಗಳನ್ನು ಅವುಗಳ ಮೇಲಿಟ್ಟು ಎತ್ತತೊಡಗಿದ ಮೇಲೆ ಬೆನ್ನು ನೆಟ್ಟಗೆ ಉಳಿಯಿತು. ಇದೇ ಕಾರಣಕ್ಕೆ ನೆಲದ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ವ್ಯಾಯಾಮವನ್ನು ಉದ್ದ ರಾಡಿನಲ್ಲಿ ಮಾಡುವುದಿಲ್ಲ. ಕೈ ಸೋತರೆ ಸಣ್ಣ ಪ್ಲೇಟು ರಾಡನ್ನು ಕುತ್ತಿಗೆಯಿಂದ ದೂರ ತಡೆದು ನಿಲ್ಲಿಸಲಾರದು. ಅದನ್ನು ಡಂಬೆಲ್ಲಿನಲ್ಲೇ ಮಾಡುತ್ತೇನೆ.

ಮಹಡಿ ಭಾರ ತಾಳೀತೆ ಎಂದು ಮನೆಯ ಮಾಲೀಕರು ಕೇಳಿದರು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೊ ಭಾರಕ್ಕೆ ಲೆಕ್ಕಹಾಕಿರುತ್ತಾರೆ. ನನ್ನ ಸಾಮಾನು ಅದರ ಹತ್ತಿರಕ್ಕೂ ಬರುವುದಿಲ್ಲ. ಕಾಪಾಡಬೇಕಾದದ್ದು ಟೈಲ್ಸನ್ನೂ ಕೆಳಮನೆಯವರ ನಿದ್ದೆಯನ್ನೂ. ಆದ್ದರಿಂದ ದಪ್ಪ ರಬ್ಬರ್ ಮ್ಯಾಟಿನ ಮೇಲೆ, ಯಾವುದನ್ನೂ ಬೀಳಿಸದೆ, ಎತ್ತಿದಷ್ಟೇ ನಿಧಾನವಾಗಿ ಇಳಿಸುತ್ತೇನೆ.

ಕರಾವಳಿಯಲ್ಲಿ ತುಕ್ಕಿನ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗದು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ರಾಡಿನ ಕ್ರೋಮ್ ಲೇಪ ತುದಿಯಲ್ಲಿ ಗುಳ್ಳೆಯೆದ್ದಿತ್ತು. ಈಗ ಜೂನಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ರಾಡನ್ನೂ ಬಿಲ್ಲೆಗಳನ್ನೂ ಒರೆಸುತ್ತೇನೆ, ಹಿಡಿಯುವ ಜಾಗವನ್ನು ಒಣ ಬಟ್ಟೆಯಿಂದ ಮತ್ತೆ ಉಜ್ಜುತ್ತೇನೆ.

ಆಮೇಲೆ 10 ಕಿಲೊದ ಒಂದು ಜೋಡಿ ಬಂದು ಸೇರಿತು. ಈಗ ತಲೆಯ ಮೇಲೆ ಎತ್ತುವುದು 17 ಕಿಲೊ: ರಾಡು, 5 ಕಿಲೊದ ಜೋಡಿ, ಅರ್ಧ ಕಿಲೊದ ಒಂದು ಜೋಡಿ. ಡೆಡ್‌ಲಿಫ್ಟು 51 ಕಿಲೊ ಮುಟ್ಟಿದೆ. ಅದಕ್ಕೆ ಅಂಗಡಿಯಿಂದ ತಂದ ಪ್ಲೇಟುಗಳೆಲ್ಲ ರಾಡಿಗೆ ಏರಿ, ಬೈಕಂಪಾಡಿಯ ನಾಲ್ಕು ಬಿಲ್ಲೆಗಳಷ್ಟೇ ಹಲಗೆಯ ಪಕ್ಕದಲ್ಲಿ ಉಳಿಯುತ್ತವೆ. ರಾಡಿನ ತುದಿಯಲ್ಲಿ ಮತ್ತೊಂದು ದೊಡ್ಡ ಜೋಡಿಗೆ ಎಡೆಯಿದೆಯೇ ಎಂದು ಅಳೆದು ನೋಡಿದ್ದೇನೆ, ಇದೆ. ದೀಪಾವಳಿಗೆ ಮುಂಚೆ ಅದನ್ನು ತರಬೇಕು.