ಬಟವಾಡೆಗೆ ಅಂತ ತಗೊಂಡ ರಿವಾಲ್ವರ್: ನನ್ನ ಅನುಭವ

ಸಕಲೇಶಪುರ ಕಡೆ ಕಾಫಿ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸದೇನಲ್ಲ. ರಿವಾಲ್ವರ್ ಮಾತ್ರ ಬೇರೆ ವಿಷಯ. ಕೋವಿ ಬೀರುವಿನಲ್ಲಿರುತ್ತದೆ, ಇದು ನಮ್ಮ ಜೊತೆ ಜನರ ಮಧ್ಯೆ ಓಡಾಡುತ್ತದೆ. ಲೈಸೆನ್ಸ್ ಹೇಗೆ ಮಾಡಿಸಿದಿರಿ ಅಂತ ಕೇಳುವವರೇ ಜಾಸ್ತಿ, ಆಮೇಲೆ ಹೇಗೆ ಇಟ್ಟುಕೊಂಡಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಎರಡನ್ನೂ ಬರೆಯುತ್ತಿದ್ದೇನೆ.

ನಾನು ತಗೊಂಡಿದ್ದು ಬಟವಾಡೆಗೋಸ್ಕರ. ವಾರದ ಕೂಲಿ ನಗದಾಗಿ ಕೊಡಬೇಕು, ತೋಟಕ್ಕೆ ಬರುವ ದಾರಿಯಲ್ಲಿ ಮನೆಗಳೇ ಇಲ್ಲ. ಆನೆ ಕಾಟಕ್ಕೆ ಅಂತ ರಿವಾಲ್ವರ್ ಯೋಚನೆ ಮಾಡುತ್ತಿದ್ದರೆ ದಯವಿಟ್ಟು ಬಿಡಿ. .32 ಅಳತೆಯ ಸಣ್ಣ ಗುಂಡಿಗೆ ಆನೆ ನಿಲ್ಲುವುದಿಲ್ಲ, ಗಾಯವಾಗಿ ಇನ್ನೂ ರೇಗುತ್ತದೆ, ಪಾಪ ಅದಕ್ಕೂ ನರಕ, ನಮ್ಮ ಮೇಲೆ ಕೇಸು ಬೇರೆ.

ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಅಲ್ಲಿನ ಹಳೇ ವಂಶಪಾರಂಪರ್ಯ ಜಮೀನು ಇರುವವರು) ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನಮಗಿಲ್ಲ. ಹಾಸನದ ಡಿಸಿ ಕಚೇರಿಗೆ ಅರ್ಜಿ, ಪೊಲೀಸ್ ವಿಚಾರಣೆ, 2016ರ ಶಸ್ತ್ರಾಸ್ತ್ರ ನಿಯಮಗಳು ಕೇಳುವ ತರಬೇತಿ ಪ್ರಮಾಣಪತ್ರ. ಅರ್ಜಿಯಲ್ಲಿ ಸುಮ್ನೆ 'ಜೀವಭಯ' ಅಂತ ಬರೆಯಬೇಡಿ. ನಾನು ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಬರೆಯುವ ಪುಸ್ತಕ) ಪ್ರತಿ, ಬ್ಯಾಂಕಿನಿಂದ ನಗದು ತೆಗೆದ ದಾಖಲೆ, ಬರುವ ದಾರಿ ಯಾವುದು, ಎಲ್ಲಾ ಲಗತ್ತಿಸಿದ್ದೆ. ಇನ್ನೊಂದು ಮಾತು, ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಆಯುಧ ಇರಬಹುದು. ಅಜ್ಜನ ಕಾಲದ ಕೋವಿಗಳು ನಿಮ್ಮ ಹೆಸರಲ್ಲಿದ್ದರೆ ಮೊದಲು ಅದನ್ನು ಲೆಕ್ಕ ಹಾಕಿ.

ನನ್ನದು ಕಾನ್ಪುರದಲ್ಲಿ ತಯಾರಾಗುವ ಹಳೇ ಮಾದರಿಯ .32. ಅಲ್ಲಿಂದಲೇ 2014ರಲ್ಲಿ ಬಂದ 'ನಿರ್ಭೀಕ್' ರಿವಾಲ್ವರ್ ತುಂಬಾ ಹಗುರ, ಸುಮಾರು 500 ಗ್ರಾಂ, ಅದನ್ನೂ ಕೈಯಲ್ಲಿ ಹಿಡಿದು ನೋಡಿದೆ. ಸೊಂಟಕ್ಕೆ ಅದು ಸುಖ, ನಿಜ. ಆದರೆ ಈಡು ಹೊಡೆದಾಗ ಭಾರದ್ದು ಕೈಯಲ್ಲಿ ಕಡಿಮೆ ಎಗರುತ್ತದೆ, ನನಗೆ ಅದೇ ಮುಖ್ಯ ಅನಿಸಿತು. ಪಿಸ್ತೂಲ್ ಯಾಕೆ ಬೇಡ ಅಂದರೆ, ಅದರಲ್ಲಿ ಮ್ಯಾಗಜೀನ್ ತೆಗೆದರೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಇದರಲ್ಲಿ ಕೊಂಡಿ ಒತ್ತಿ ನಳಿಗೆ ಬಗ್ಗಿಸಿದರೆ ಸಿಲಿಂಡರಿನ ಆರೂ ಕೋಣೆ ಎದುರಿಗೇ ಕಾಣುತ್ತವೆ, ಖಾಲಿ ಅಂದ್ರೆ ಖಾಲಿ. ನೆನಪಿಡಬೇಕಾದ್ದು, ಸುತ್ತಿಗೆ (ಹಿಂಬದಿಯಲ್ಲಿ ಗುಂಡಿಗೆ ಬಡಿಯುವ ಭಾಗ) ಎಳೆಯದೆ ಟ್ರಿಗರ್ ಒತ್ತಿದರೆ ತುಂಬಾ ಬಿಗಿ, ಎಳೆದು ಒತ್ತಿದರೆ ಬಲು ಸಲೀಸು. ಹಾಗಾಗಿ ಎಳೆದ ಸುತ್ತಿಗೆಯ ಜೊತೆ ಓಡಾಡುವ ಮಾತೇ ಇಲ್ಲ, ಹೊಡೆಯುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು.

ಒಯ್ಯುವಾಗ ಅದು ಪೂರ್ತಿ ಮುಚ್ಚಿರಬೇಕು, ನಿಯಮವೇ ಹಾಗಿದೆ. ಪಂಚೆ ಉಟ್ಟರೆ ಆಗುವುದಿಲ್ಲ, ದಪ್ಪ ಬೆಲ್ಟ್, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ (ರಿವಾಲ್ವರ್ ಇಡುವ ಚೀಲ), ಮೇಲೆ ಸಡಿಲ ಅಂಗಿ ಬೇಕು. 'ಒಂದ್ಸಲ ತೋರಿಸಿ ಗೌಡ್ರೇ' ಅಂತ ಕೇಳುವವರು ಇದ್ದೇ ಇರುತ್ತಾರೆ. ನಾನು ಯಾರಿಗೂ ತೋರಿಸುವುದಿಲ್ಲ, ನೆಂಟರಾದರೂ ಸರಿ. ಮದುವೆ ಮನೆಗೆ ಒಯ್ಯುವುದೇ ಇಲ್ಲ. ಸಂಭ್ರಮಕ್ಕೆ ಗಾಳಿಯಲ್ಲಿ ಹಾರಿಸಿದರೂ ಎರಡು ವರ್ಷದವರೆಗೆ ಜೈಲಾಗಬಹುದು, ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯಲೇಬೇಕು ಅಲ್ವಾ?

ನಮ್ಮ ಮಲೆನಾಡಿನ ದೊಡ್ಡ ಶತ್ರು ಮಳೆ. ಚರ್ಮದ ಹೋಲ್‌ಸ್ಟರ್ ತೇವ ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಹಾಗಾಗಿ ಮನೆಗೆ ಬಂದ ಕೂಡಲೇ ಹೊರಗೆ ತೆಗೆದು, ಖಾಲಿ ಮಾಡಿ, ಒರೆಸಿ, ಗನ್ ಆಯಿಲ್ ತೆಳ್ಳಗೆ ಹಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗದ ಪೆಟ್ಟಿಗೆಯಲ್ಲಿಡುತ್ತೇನೆ. ಗುಂಡುಗಳು ಬೇರೆ ಕಡೆ. ಹಳೆಯ ಗುಂಡನ್ನು ರೇಂಜಿನಲ್ಲಿ ಅಭ್ಯಾಸಕ್ಕೆ ಬಳಸಿ ಮುಗಿಸುತ್ತೇನೆ. ಅಲ್ಲಿ ಒಂದು ಗುಂಡು ಹಾರದಿದ್ದರೆ ತಕ್ಷಣ ತೆರೆಯಬಾರದು, ಮತ್ತೆ ಟ್ರಿಗರ್ ಒತ್ತಲೂಬಾರದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಸಿಡಿಯುವುದುಂಟು.

ಚುನಾವಣೆ ಬಂತೆಂದರೆ ಠಾಣೆಯಲ್ಲಿ ಠೇವಣಿ ಇಡಲು ಕರೆ ಬರುತ್ತದೆ. ಆಗ ಮಾತ್ರ ಎಣ್ಣೆ ಸ್ವಲ್ಪ ದಪ್ಪಗೇ ಹಚ್ಚುತ್ತೇನೆ, ಯಾಕೆಂದರೆ ವಾಪಸ್ ಬರುವವರೆಗೆ ಒರೆಸುವವರು ಯಾರೂ ಇರುವುದಿಲ್ಲ. ರಿವಾಲ್ವರಿನ ನಂಬರ್ ಕಾಣುವ ಹಾಗೆ ಫೋಟೊ ತೆಗೆದುಕೊಳ್ಳಿ, ರಸೀದಿಯಲ್ಲಿ ಅದೇ ನಂಬರ್ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಿ, ಆಮೇಲೆ ಹೊರಡಿ.