ವಿಸ್ಫಿಯರ್ 7ರ ಗಡುವು ವಿಜಯದಶಮಿಗೆ ಬಿದ್ದಾಗ

ನಮ್ಮ ಕಾರ್ಖಾನೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿದೆ. ಐಟಿ ವಿಭಾಗ ಅಂದರೆ ನಾನು, ಇನ್ನೊಬ್ಬ ಹುಡುಗ, ಅಷ್ಟೇ. ಮೂರು ಸರ್ವರ್, ಅವುಗಳ ಮೇಲೆ ವಿಎಂವೇರ್ ಕಂಪನಿಯ ವಿಸ್ಫಿಯರ್ 7, ಅಂದರೆ ಒಂದೇ ಸರ್ವರನ್ನು ಹಲವು ಕಂಪ್ಯೂಟರ್‌ಗಳ ಹಾಗೆ ಓಡಿಸುವ ಸಾಫ್ಟ್‌ವೇರ್, ಅದರ ಮೇಲೆ 31 ವಿಎಂ (ವರ್ಚುವಲ್ ಮಷಿನ್, ಸಾಫ್ಟ್‌ವೇರ್‌ನಲ್ಲೇ ಇರುವ ಕಂಪ್ಯೂಟರ್). ಇಆರ್‌ಪಿ (ಕಾರ್ಖಾನೆಯ ಲೆಕ್ಕ, ಬಿಲ್ಲು ನೋಡಿಕೊಳ್ಳುವ ಸಾಫ್ಟ್‌ವೇರ್), ಹಾಜರಾತಿ, ಫೈಲ್ ಸರ್ವರ್, ಲೇಬಲ್ ಪ್ರಿಂಟಿಂಗ್ ಎಲ್ಲ ಅದರಲ್ಲೇ. ವಿಸ್ಫಿಯರ್ 7ರ ಸಪೋರ್ಟ್ ಮುಗಿಯೋದು 2025ರ ಏಪ್ರಿಲ್ 2ಕ್ಕೆ ಅಂತ ಮೊದಲು ಹೇಳಿದ್ದರು, ಆಮೇಲೆ ಅಕ್ಟೋಬರ್ 2ಕ್ಕೆ ಮುಂದೂಡಿದರು. ಕ್ಯಾಲೆಂಡರ್ ತೆಗೆದು ನೋಡಿದರೆ ಆ ದಿನ ವಿಜಯದಶಮಿ. ಮೈಸೂರಲ್ಲಿದ್ದುಕೊಂಡು ಜಂಬೂಸವಾರಿ ದಿನ ಸರ್ವರ್ ರೂಮಿನಲ್ಲಿ ಕೂರೋದು ಯಾರಿಗೆ ಬೇಕು ಹೇಳಿ.

2024ರ ನವೆಂಬರ್‌ನಲ್ಲಿ ಯಜಮಾನರ ಮುಂದೆ ವಿಷಯ ಇಟ್ಟೆ. ಅವರ ಮೊದಲ ಪ್ರಶ್ನೆ: "ಆವತ್ತು ಸರ್ವರ್ ನಿಂತು ಹೋಗುತ್ತೇನ್ರೀ?"

"ಇಲ್ಲ ಸಾರ್, ಓಡ್ತಾ ಇರುತ್ತೆ."

"ಹಾಗಿದ್ರೆ ಈಗ್ಯಾಕೆ ಆ ಮಾತು?"

ಇಲ್ಲೇ ಎಲ್ಲರೂ ಸಿಕ್ಕಿಬೀಳೋದು. ನಮ್ಮ ಹತ್ತಿರ ಇದ್ದದ್ದು ಹಳೆಯ ಪರ್ಪೆಚುವಲ್ ಲೈಸೆನ್ಸ್, ಒಂದು ಸಲ ಕೊಂಡರೆ ಆಯ್ತು, ಅದು ಯಾವತ್ತೂ ಸಾಯಲ್ಲ. ಸಾಯೋದು ಪ್ಯಾಚ್, ಅಂದರೆ ಸಾಫ್ಟ್‌ವೇರ್‌ನ ತೂತು ಮುಚ್ಚೋಕೆ ಕಂಪನಿ ಕಳಿಸುವ ತಿದ್ದುಪಡಿ. ಅದನ್ನು ವಿವರಿಸೋಕೆ ನಾನು 2023ರ ಫೆಬ್ರವರಿಯ ಕಥೆ ಹೇಳಿದೆ. ಆಗ ಇಎಸ್‌ಎಕ್ಸ್‌ಐ (ವಿಸ್ಫಿಯರ್‌ನಲ್ಲಿ ಸರ್ವರ್ ಮೇಲೆ ಕೂರುವ ಭಾಗ) ಇರುವ ಸರ್ವರ್‌ಗಳನ್ನೇ ಹುಡುಕಿಕೊಂಡು ಹೋಗಿ ಡಿಸ್ಕ್‌ಗಳಿಗೆ ಬೀಗ ಹಾಕಿದ ರ‍್ಯಾನ್ಸಮ್‌ವೇರ್ ಬಂದಿತ್ತು, ಸಾವಿರಾರು ಸರ್ವರ್ ಹೋದವು. ಅದು ಬಳಸಿದ ತೂತಿಗೆ ಎರಡು ವರ್ಷ ಮೊದಲೇ, 2021ರ ಫೆಬ್ರವರಿಯಲ್ಲೇ ಪ್ಯಾಚ್ ಬಂದಿತ್ತು. ಹಾಕಿಕೊಳ್ಳದವರ ಕಥೆಯೇ ಹೀಗಾದರೆ, ಪ್ಯಾಚೇ ಬರದಿದ್ದರೆ? ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರ್ಚೆಷ್ಟು ಅಂತ ಬರೆದು ತನ್ನಿ" ಅಂದರು.

ಬರೆಯೋಕೆ ಕೂತಾಗ ತಿಳಿದದ್ದು, ಅಕ್ಟೋಬರ್ 2 ನನ್ನ ಗಡುವೇ ಅಲ್ಲ ಅಂತ. ನಮ್ಮ ಸಪೋರ್ಟ್ ಕಾಂಟ್ರಾಕ್ಟ್ 2025ರ ಜೂನ್‌ಗೇ ಮುಗಿಯುತ್ತಿತ್ತು. ಕಾಂಟ್ರಾಕ್ಟ್ ಇಲ್ಲದಿದ್ದರೆ ಮಾಮೂಲಿ ಪ್ಯಾಚ್ ಡೌನ್‌ಲೋಡ್ ಮಾಡೋಕೇ ಆಗಲ್ಲ, ಸಪೋರ್ಟ್ ಅಕ್ಟೋಬರ್‌ವರೆಗೆ ಇದ್ದರೂ ನಮಗೆ ಇಲ್ಲದ ಹಾಗೆಯೇ. ಹಣ ಬೇಕಿದ್ದರೆ ಮಾರ್ಚ್‌ಗೆ ಮೊದಲು ಬಜೆಟ್‌ನಲ್ಲಿ ಸೇರಬೇಕು, ಅಂದರೆ ಜನವರಿಗೆ ಅಂದಾಜು ಕೊಡಬೇಕು. ಇದೆಲ್ಲಕ್ಕಿಂತ ದೊಡ್ಡದು ನಿಲುಗಡೆ. ಮೂರು ಶಿಫ್ಟ್ ಓಡುವ ಕಾರ್ಖಾನೆಯಲ್ಲಿ ಇಆರ್‌ಪಿ ನಿಲ್ಲಿಸಿ ಅಂತ ಕೇಳೋಕೆ ಆಗುವುದು ಹಬ್ಬಕ್ಕೆ ಮಾತ್ರ. ಅದಕ್ಕೆ ನಾನು ತಿಂಗಳು ಎಣಿಸೋದು ಬಿಟ್ಟು ರಜೆ ಎಣಿಸಿದೆ. ಮೇ 1 ಗುರುವಾರ. ಆಗಸ್ಟ್ 15 ಶುಕ್ರವಾರ. ಆಗಸ್ಟ್ 26, 27 ಗೌರಿ ಗಣೇಶ. ಅಕ್ಟೋಬರ್ 1 ಆಯುಧಪೂಜೆ. ಹತ್ತು ತಿಂಗಳಿದೆ ಅಂತ ಆರಾಮಾಗಿದ್ದ ನನಗೆ ಕೈಯಲ್ಲಿ ಉಳಿದದ್ದು ನಾಲ್ಕೇ ನಾಲ್ಕು ಬಾಗಿಲು, ನಡುವೆ ಒಂದಿಷ್ಟು ಭಾನುವಾರ.

ಹೋಗೋದು ಎಲ್ಲಿಗೆ? 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ಮೇಲೆ ಪರ್ಪೆಚುವಲ್ ಲೈಸೆನ್ಸ್ ಮಾರಾಟ ನಿಂತಿತು, ಈಗ ಎಲ್ಲ ಸಬ್‌ಸ್ಕ್ರಿಪ್ಷನ್, ಅದೂ ಕೋರ್ (ಸಿಪಿಯು ಒಳಗೆ ಕೆಲಸ ಮಾಡುವ ಒಂದೊಂದು ಘಟಕ) ಲೆಕ್ಕದಲ್ಲಿ. ಒಂದು ಸಿಪಿಯುಗೆ ಕನಿಷ್ಠ 16 ಕೋರ್ ಲೈಸೆನ್ಸ್ ತಗೋಬೇಕು. ನಮ್ಮದು ಕ್ಸಿಯಾನ್ ಇ5-2620 ವಿ4, ಒಂದಕ್ಕೆ 8 ಕೋರ್. ಮೂರು ಸರ್ವರ್, ಆರು ಸಿಪಿಯು, ಇರೋದು 48 ಕೋರ್, ದುಡ್ಡು ಕೊಡೋದು 96ಕ್ಕೆ. ನಿಯಮ ಅವರದ್ದು, ಕಡಿಮೆ ಕೋರಿನ ಹಳೆ ಸಿಪಿಯು ನಮ್ಮದು, ಹೊಂದಲಿಲ್ಲ ಅಷ್ಟೇ. ವಿಸ್ಫಿಯರ್ 8ಕ್ಕೆ ಹೋದರೂ ಅದರ ಸಪೋರ್ಟ್ 2027ರ ಅಕ್ಟೋಬರ್ 11ರವರೆಗೆ. ಆಮೇಲೆ ಬಂದ 9ರಲ್ಲಂತೂ ನಮ್ಮ ಸಿಪಿಯು ತಲೆಮಾರನ್ನೇ ಕೈಬಿಟ್ಟಿದ್ದಾರೆ. ಮೈಕ್ರೋಸಾಫ್ಟ್‌ನ ಹೈಪರ್-ವಿ ನೋಡಿದೆ, ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಒಂದಕ್ಕೆ ಎರಡೇ ವಿಂಡೋಸ್ ವಿಎಂ ಅನ್ನೋ ಲೆಕ್ಕ ನಮಗೆ ಸರಿಹೋಗಲಿಲ್ಲ. ಕ್ಲೌಡ್ ಬಗ್ಗೆ ಜಾಸ್ತಿ ಯೋಚಿಸಲಿಲ್ಲ, ನಮ್ಮ ಏರಿಯಾದಲ್ಲಿ ರಸ್ತೆ ಅಗೆದಾಗೆಲ್ಲ ಇಂಟರ್ನೆಟ್ ಹೋಗುತ್ತೆ, ಲೇಬಲ್ ಪ್ರಿಂಟರ್ ಅದನ್ನು ಕಾಯ್ತಾ ಕೂರೋಕೆ ಆಗಲ್ಲ.

ಉಳಿದದ್ದು ಪ್ರಾಕ್ಸ್‌ಮಾಕ್ಸ್, ವಿಸ್ಫಿಯರ್ ಮಾಡುವ ಕೆಲಸವನ್ನೇ ಮಾಡುವ ಇನ್ನೊಂದು ಸಾಫ್ಟ್‌ವೇರ್. ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಭಾಗ), ಓಪನ್ ಸೋರ್ಸ್, ದುಡ್ಡು ಕೊಟ್ಟು ಸಪೋರ್ಟ್ ತಗೊಂಡರೆ ಸಿಪಿಯು ಸಾಕೆಟ್ ಲೆಕ್ಕ, ಕೋರ್ ಎಣಿಸಲ್ಲ. ನಾನು ಧೈರ್ಯ ಮಾಡಿದ್ದಕ್ಕೆ ಎರಡು ಕಾರಣ. 2024ರ ವಸಂತದಲ್ಲಿ ಅದಕ್ಕೆ ಇಎಸ್‌ಎಕ್ಸ್‌ಐನಿಂದ ನೇರ ಇಂಪೋರ್ಟ್ ಮಾಡುವ ವಿಜರ್ಡ್ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ವೀಮ್ 12.2 ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ತೆಗೆಯೋಕೆ ಶುರು ಮಾಡಿತು, ನಾವು ಮೊದಲಿಂದ ವೀಮ್ ಬಳಸುವವರು. ಬ್ಯಾಕಪ್ ಇಲ್ಲದ ಕಡೆಗೆ ನಾನಂತೂ ಹೋಗ್ತಿರಲಿಲ್ಲ.

ಸಾಫ್ಟ್‌ವೇರ್ ಆರಿಸೋದು ಸುಲಭದ ಭಾಗ. ಕಷ್ಟ ಇದ್ದದ್ದು ಪಟ್ಟಿಯಲ್ಲಿ. 31 ವಿಎಂಗಳ ಹೆಸರು ಎಕ್ಸೆಲ್‌ನಲ್ಲಿ ಹಾಕಿ, ಪಕ್ಕದಲ್ಲಿ "ಇದು ಯಾರದ್ದು, ನಿಂತರೆ ಯಾರು ಕೂಗ್ತಾರೆ" ಅಂತ ಒಂದು ಕಾಲಂ ಮಾಡಿದೆ. 24ಕ್ಕೆ ಉತ್ತರ ಸಿಕ್ತು. ಏಳಕ್ಕೆ ಇಲ್ಲ. ಕೆಲವು ನನಗಿಂತ ಮುಂಚೆ ಇದ್ದವರು ಮಾಡಿಟ್ಟು ಹೋದದ್ದು. ಅದರಲ್ಲಿ ಒಂದರ ಹೆಸರು "ಟೆಸ್ಟ್-2-ನ್ಯೂ". ಟೆಸ್ಟ್ ಅಂದಮೇಲೆ ಅಳಿಸಿಬಿಡೋಣ ಅಂತ ಹುಡುಗ ಅಂದ. ಬೇಡ ಅಂತ ಒಂದು ಶನಿವಾರ ಮಧ್ಯಾಹ್ನ ಅದರ ನೆಟ್‌ವರ್ಕ್ ಕಾರ್ಡ್ ಮಾತ್ರ ಡಿಸ್ಕನೆಕ್ಟ್ ಮಾಡಿ ಕಾಯ್ತಾ ಕೂತೆವು. 40 ನಿಮಿಷ ಏನೂ ಇಲ್ಲ. ಆಮೇಲೆ ಡಿಸ್ಪ್ಯಾಚ್‌ನಿಂದ ಫೋನು: "ಸಾರ್, ಲಾರಿ ಗೇಟಲ್ಲಿ ನಿಂತಿದೆ, ಲೇಬಲ್ ಬರ್ತಾ ಇಲ್ಲ." ಅಸಲಿ ಲೇಬಲ್ ಸರ್ವರ್ ಅಂತ ನಾವು ಅಂದುಕೊಂಡಿದ್ದ ವಿಎಂ ಎಷ್ಟೋ ಕಾಲದಿಂದ ಸುಮ್ನೆ ಕೂತಿತ್ತು, ಕೆಲಸವೆಲ್ಲ ಮಾಡ್ತಿದ್ದದ್ದು ಈ ಟೆಸ್ಟು. ಆವತ್ತಿಂದ ಅಳಿಸುವ ಮಾತು ನಿಂತಿತು. ಉಳಿದ ಆರರಲ್ಲಿ ನಾಲ್ಕು ನಿಜಕ್ಕೂ ಯಾರಿಗೂ ಬೇಡದ್ದು, ಆಫ್ ಮಾಡಿ ಒಂದು ತಿಂಗಳು ಇಟ್ಟು, ಬ್ಯಾಕಪ್ ಇಟ್ಟುಕೊಂಡು ಪಟ್ಟಿಯಿಂದ ಕೈಬಿಟ್ಟೆವು. ನಾಲ್ಕು ಕಡಿಮೆ ಆಯ್ತಲ್ಲ, ಅದೇ ಲಾಭ.

ಏಪ್ರಿಲ್‌ನಲ್ಲಿ ಒಂದು ಹೊಸ ಸರ್ವರ್ ಬಂತು. ಅದಕ್ಕೆ ಪ್ರಾಕ್ಸ್‌ಮಾಕ್ಸ್ 8.4 ಹಾಕಿದೆವು. ಯೋಜನೆ ಹೀಗಿತ್ತು: ಹೊಸದಕ್ಕೆ ಒಂದಿಷ್ಟು ವಿಎಂ ಸಾಗಿಸೋದು, ಅಷ್ಟರಲ್ಲಿ ಒಂದು ಹಳೆ ಹೋಸ್ಟ್ (ವಿಎಂಗಳನ್ನು ಹೊತ್ತ ಸರ್ವರ್) ಖಾಲಿಯಾಗುತ್ತೆ, ಅದನ್ನು ಒರೆಸಿ ಪ್ರಾಕ್ಸ್‌ಮಾಕ್ಸ್ ಹಾಕೋದು, ಹೀಗೇ ಒಂದೊಂದೇ. ಒಂದು ಮಾತು ನೆನಪಿಡಿ, ಕ್ಲಸ್ಟರ್‌ಗೆ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿಗೆ) ಸೇರುವ ಸರ್ವರ್‌ನಲ್ಲಿ ವಿಎಂ ಇರಬಾರದು, ಖಾಲಿ ಇರಬೇಕು. ಕ್ಲಸ್ಟರ್ ಶುರು ಮಾಡುವ ಮೊದಲನೆಯದರಲ್ಲಿ ಮಾತ್ರ ಇರಬಹುದು. ಮತ್ತೆ ಎರಡೇ ಸರ್ವರ್ ಇಟ್ಟುಕೊಂಡು ಕ್ಲಸ್ಟರ್ ಮಾಡಿದರೆ ಒಂದು ಬಿದ್ದಾಗ ಬಹುಮತ ಇಲ್ಲ ಅಂತ ಉಳಿದ ಸರ್ವರ್ ಹೊಸದಾಗಿ ವಿಎಂ ಶುರು ಮಾಡೋಕೇ ಬಿಡಲ್ಲ. ಹಾಗಾಗಿ ಮೂರು ಆಗುವವರೆಗೆ ನಾವು ಕ್ಲಸ್ಟರ್ ಮಾಡಲೇ ಇಲ್ಲ.

ಮೇ 1ಕ್ಕೆ ಸಣ್ಣ ಐದು ವಿಎಂ ಹೋದವು. ನಾಲ್ಕು ವಿಜರ್ಡ್‌ನಲ್ಲಿ. ಹಾಜರಾತಿ ಸರ್ವರನ್ನು ಮಾತ್ರ, ಕಲಿತ ಹಾಗೂ ಆಗುತ್ತೆ ಅಂತ, ನಾನೇ ಕೈಯಾರೆ ವಿಎಂ ಮಾಡಿ ಡಿಸ್ಕ್ ಇಂಪೋರ್ಟ್ ಮಾಡಿದೆ. ವಿಂಡೋಸ್ ಬೂಟ್ ಆಯ್ತು, ಲಾಗಿನ್ ಆಯ್ತು, ಮನೆಗೆ ಹೋದೆ. ಬೆಳಗ್ಗೆ 6ಕ್ಕೆ ಶಿಫ್ಟ್ ಇನ್‌ಚಾರ್ಜ್ ಫೋನು. "ಸಾರ್, ಎಲ್ಲರೂ ಮಧ್ಯರಾತ್ರಿ ಹನ್ನೆರಡೂವರೆಗೆ ಬಂದಿದ್ದಾರೆ ಅಂತ ತೋರಿಸ್ತಿದೆ." ನಿದ್ದೆಗಣ್ಣಲ್ಲಿ ಅರ್ಥವಾಗಲಿಲ್ಲ. ಗಾಡಿ ಓಡಿಸ್ತಾ ಹೊಳೀತು: ಐದೂವರೆ ಗಂಟೆ. ವಿಎಂ ಮಾಡುವಾಗ ಓಎಸ್ ಯಾವುದು ಅನ್ನೋ ಕಡೆ "ಅದರ್" ಅಂತಲೇ ಬಿಟ್ಟಿದ್ದೆ. ವಿಂಡೋಸ್ ಅಂತ ಹೇಳಿದ್ದರೆ ಪ್ರಾಕ್ಸ್‌ಮಾಕ್ಸ್ ಗಡಿಯಾರವನ್ನು ಸ್ಥಳೀಯ ಸಮಯದಲ್ಲಿ ಕೊಡ್ತಿತ್ತು. ಹೇಳದೆ ಇದ್ದದ್ದಕ್ಕೆ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಕೊಟ್ಟಿತು, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಂಡಿತು. ಈ ವಿಎಂ ಡೊಮೇನ್‌ಗೆ (ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಗೆ) ಸೇರಿರಲಿಲ್ಲ, ಹಾಗಾಗಿ ತಿದ್ದೋಕೂ ಯಾರೂ ಇರಲಿಲ್ಲ. ಪಂಚಿಂಗ್ ಮಷಿನ್ ಸರ್ವರ್ ನೋಡಿ ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತೆ, ಅದೂ ಹಿಂದೆ ಹೋಯ್ತು. ಸರಿಪಡಿಸೋಕೆ ಎರಡು ನಿಮಿಷ. ಎಚ್‌ಆರ್ ಮೇಡಂ ಆ ಶಿಫ್ಟಿನವರ ಹಾಜರಾತಿಯನ್ನು ಕೈಯಲ್ಲಿ ತಿದ್ದೋಕೆ ಅರ್ಧ ದಿನ. ನಾನು ಕ್ಯಾಂಟೀನ್‌ನಿಂದ ಅವರಿಗೆ ಕಾಫಿ ತರಿಸಿಕೊಟ್ಟೆ, ಇನ್ನೇನು ಮಾಡಲಿ.

ದೊಡ್ಡದು ಇಆರ್‌ಪಿ. ಡಿಸ್ಕ್ 1.2 ಟಿಬಿ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸಿಕ್ಕರೆ ಮೂರು ಗಂಟೆ. ಲೆಕ್ಕ ಸರಿ ಇದೆ, ಆದರೆ ಜುಲೈನಲ್ಲಿ ಪ್ರಯೋಗಕ್ಕೆ ಒಂದು ಸಣ್ಣ ವಿಎಂ ತರುವಾಗ ಅದರ ಕಾಲುಭಾಗ ವೇಗವೂ ಬರಲಿಲ್ಲ. ಕಾರಣ ನಾನು ವಿಸೆಂಟರ್ (ಹೋಸ್ಟ್‌ಗಳನ್ನೆಲ್ಲ ಒಂದೆಡೆಯಿಂದ ನಡೆಸುವ ವಿಎಂವೇರ್ ಸಾಫ್ಟ್‌ವೇರ್) ಮೂಲಕ ಜೋಡಿಸಿದ್ದೆ. ನೇರ ಇಎಸ್‌ಎಕ್ಸ್‌ಐ ಹೋಸ್ಟ್‌ಗೆ ಜೋಡಿಸಬೇಕು, ಇದು ಕೈಪಿಡಿಯಲ್ಲೇ ಇದೆ, ಓದದೆ ಇದ್ದದ್ದು ನಾನು. ಇನ್ನೊಂದು, ಇಆರ್‌ಪಿ ವಿಎಂಗೆ 2023ರಲ್ಲಿ "ಅಪ್‌ಡೇಟ್‌ಗೆ ಮುಂಚೆ" ಅಂತ ಯಾರೋ ತೆಗೆದ ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಕ್ಕೆ ಹೋಗೋಕೆ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡೋದು) ಹಾಗೇ ಇತ್ತು, ಯಾರೋ ಅಂದರೆ ನಾನೇ. ಎರಡು ವರ್ಷದಲ್ಲಿ ಅದು 300 ಜಿಬಿ ಬೆಳೆದಿತ್ತು. ಅದನ್ನು ಅಳಿಸಿ ಡಿಸ್ಕ್ ಒಂದು ಮಾಡೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ಹಬ್ಬದ ದಿನ ಇದು ಗೊತ್ತಾಗಿದ್ದರೆ ಕಥೆ ಮುಗೀತಿತ್ತು.

ಆಗಸ್ಟ್ 14ರ ರಾತ್ರಿ ಎರಡನೇ ಶಿಫ್ಟ್ ಮುಗಿದ ಮೇಲೆ ಶುರು. ಪೂರ್ತಿ ಬ್ಯಾಕಪ್, ಆಮೇಲೆ ವಿಎಂ ಒಳಗೆ ಹಾಕಿದ್ದ ವಿಎಂವೇರ್ ಟೂಲ್ಸ್ (ವಿಎಂವೇರ್‌ನದೇ ಡ್ರೈವರ್‌ಗಳ ಕಟ್ಟು) ಅನ್‌ಇನ್‌ಸ್ಟಾಲ್. ಇದನ್ನು ಹಳೆ ಜಾಗದಲ್ಲೇ ಮಾಡಿ, ಹೊಸ ಜಾಗಕ್ಕೆ ಬಂದ ಮೇಲೆ ನಾನು ವಿಎಂವೇರ್ ಮೇಲೆ ಇಲ್ಲ ಅಂತ ಅದು ತೆಗೆಯೋಕೇ ಬಿಡಲ್ಲ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕಾಪಿ ಮುಗೀತು. ಸ್ಟಾರ್ಟ್ ಒತ್ತಿದೆ. ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಹೆದರಲಿಲ್ಲ, ಯಾಕೆಂದರೆ ಇದನ್ನು ಪ್ರಯೋಗದಲ್ಲಿ ನೋಡಿದ್ದೆ. ವಿಂಡೋಸ್‌ಗೆ ವರ್ಟ್‌ಐಓ ಡ್ರೈವರ್ (ಪ್ರಾಕ್ಸ್‌ಮಾಕ್ಸ್ ಕೊಡುವ ಡಿಸ್ಕನ್ನು ಗುರುತಿಸೋಕೆ ಬೇಕಾದದ್ದು) ಇದ್ದರೂ, ಬೂಟ್ ಮಾಡುವಾಗಲೇ ಅದು ಬೇಕು ಅಂತ ಇನ್ನೂ ಗೊತ್ತಿಲ್ಲ. ಉಪಾಯ: ಮೇನ್ ಡಿಸ್ಕನ್ನು ಸಾಟಾ (ವಿಂಡೋಸ್‌ಗೆ ಮೊದಲೇ ಗೊತ್ತಿರುವ ಡಿಸ್ಕ್ ಜೋಡಣೆ) ಅಂತ ಬದಲಿಸಿ ಬೂಟ್ ಮಾಡೋದು, ಜೊತೆಗೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟ್‌ಐಓ ಸ್ಕಸಿಯಲ್ಲಿ ಸಿಕ್ಕಿಸೋದು. ವಿಂಡೋಸ್ ಅದನ್ನು ನೋಡಿ ಡ್ರೈವರ್ ಏರಿಸಿಕೊಳ್ಳುತ್ತೆ. ಆಫ್ ಮಾಡಿ, ಮೇನ್ ಡಿಸ್ಕನ್ನೂ ಸ್ಕಸಿಗೆ ಹಾಕಿ, ಬೂಟ್ ಆರ್ಡರ್ ಸರಿಮಾಡಿ ಮತ್ತೆ ಸ್ಟಾರ್ಟ್. ಲಾಗಿನ್ ಪರದೆ ಬಂತು. ಐಪಿ ಹಾಕೋಕೆ ಹೋದರೆ ಇದು ಇನ್ನೊಂದು ಕಾರ್ಡ್‌ಗೆ ಕೊಟ್ಟಾಗಿದೆ ಅಂತ ತಕರಾರು. ಹಳೆಯ ವಿಎಂವೇರ್ ಕಾರ್ಡಿನ ದೆವ್ವ ಅದು. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಡಿವೈಸ್ ತೋರಿಸು ಅಂತ ಕೊಟ್ಟು ಅಳಿಸಿದೆ. ಲಿನಕ್ಸ್ ವಿಎಂಗಳಲ್ಲೂ ಇದೇ ಜಾತಿಯ ತೊಂದರೆ, ಅಲ್ಲಿ ಕಾರ್ಡಿನ ಹೆಸರು ಇಎನ್‌ಎಸ್192 ಇದ್ದದ್ದು ಇಎನ್‌ಎಸ್18 ಆಗಿ ನೆಟ್‌ವರ್ಕ್ ಏಳಲ್ಲ, ಕಾನ್ಫಿಗ್ ಫೈಲ್‌ನಲ್ಲಿ ಹೆಸರು ಬದಲಿಸಿದರೆ ಆಯ್ತು.

ಏಳೂವರೆಗೆ ಅಕೌಂಟ್ಸ್‌ನವರೊಬ್ಬರು ಮನೆಯಿಂದಲೇ ಒಂದು ಇನ್‌ವಾಯ್ಸ್ ತೆಗೆದು ನೋಡಿ "ಓಕೆ ಸಾರ್" ಅಂದರು. ಹೊರಗೆ ಧ್ವಜಾರೋಹಣಕ್ಕೆ ಕುರ್ಚಿ ಹಾಕ್ತಾ ಇದ್ದರು. ಎರಡು ಲಾಡು ತಿಂದು ಮನೆಗೆ ಹೋಗಿ ಮಲಗಿದೆ.

ಗೌರಿ ಗಣೇಶಕ್ಕೆ ಫೈಲ್ ಸರ್ವರ್. ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರನ್ನು ನಾನು ಸಾಗಿಸಲೇ ಇಲ್ಲ, ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೊಸದೊಂದು ಕಟ್ಟಿ, ಜವಾಬ್ದಾರಿಗಳನ್ನೆಲ್ಲ ಅದಕ್ಕೆ ವಹಿಸಿ, ಹಳೆಯದನ್ನು ನಿವೃತ್ತಿ ಮಾಡಿದೆ. ಅಳತೆ ಮಷಿನ್‌ಗೆ ಬೇಕಾದ ವಿಂಡೋಸ್ 7 ವಿಎಂ ಒಂದು ಸತಾಯಿಸಿತು, ಹೊಸ ವರ್ಟ್‌ಐಓ ಡ್ರೈವರ್‌ಗಳು ವಿಂಡೋಸ್ 7ಕ್ಕೆ ಆಗಲ್ಲ, 0.1.173 ಅನ್ನೋ ಹಳೆ ಆವೃತ್ತಿ ಹುಡುಕಿ ಹಾಕಬೇಕಾಯ್ತು. ಅದನ್ನು ಬೇರೆ ವಿಎಲ್ಯಾನ್‌ನಲ್ಲಿ (ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್‌ನಲ್ಲಿ) ಕೂಡಿಹಾಕಿದ್ದೇವೆ, ಆ ಮಷಿನ್ ಇರುವವರೆಗೆ ಅದೂ ಇರುತ್ತೆ.

ಜೂನ್‌ಗೆ ಕಾಂಟ್ರಾಕ್ಟ್ ಮುಗಿದ ಮೇಲೆ ಆಗಸ್ಟ್ ಕೊನೆಯವರೆಗೆ, ಎರಡು ತಿಂಗಳು, ನಾವು ಪ್ಯಾಚ್ ಇಲ್ಲದೆಯೇ ಓಡಿದೆವು. ಇಎಸ್‌ಎಕ್ಸ್‌ಐ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ನನ್ನ ಒಂದು ಕಂಪ್ಯೂಟರ್‌ನಿಂದ ಮಾತ್ರ ದಾರಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿದ್ದೆ. ಏನೂ ಆಗಲಿಲ್ಲ, ಆದರೆ ಇದು ಸರಿಯಾಗಿ ಮಾಡಿದ್ದು ಅಂತ ನಾನು ಹೇಳಲ್ಲ. ಒಂದು ತಿಂಗಳು ಬೇಗ ಸರ್ವರ್ ತರಿಸಿ, ಇಆರ್‌ಪಿಯನ್ನು ಮೇ 1ಕ್ಕೇ ಸಾಗಿಸಬೇಕಿತ್ತು.

ಆಯುಧಪೂಜೆ ದಿನಕ್ಕೆ ಕೆಲಸ ಏನೂ ಉಳಿದಿರಲಿಲ್ಲ. ಆಫ್ ಆಗಿದ್ದ ಹಳೆ ಹೋಸ್ಟ್‌ಗೂ ಹುಡುಗ ಕುಂಕುಮ ಹಚ್ಚಿದ, ಅದು ಈಗ ಬ್ಯಾಕಪ್ ಸರ್ವರ್. ಮಾರನೇ ದಿನ ಜಂಬೂಸವಾರಿಯನ್ನು ಮನೆಯಲ್ಲಿ ಟಿವಿಯಲ್ಲೇ ನೋಡಿದೆ.

ಪ್ರಾಕ್ಸ್‌ಮಾಕ್ಸ್ 8ರ ಸಪೋರ್ಟ್ ಮುಗಿಯೋದು 2026ರ ಆಗಸ್ಟ್‌ಗೆ. ಅಷ್ಟರೊಳಗೆ 9ಕ್ಕೆ ಏರಿಸಬೇಕು. 2026ರ ಕ್ಯಾಲೆಂಡರ್‌ನಲ್ಲಿ ಮೇ 1 ಶುಕ್ರವಾರ ಬರುತ್ತೆ, ಪೆನ್ನಲ್ಲಿ ಸುತ್ತು ಹಾಕಿ ಯಜಮಾನರಿಗೂ ತೋರಿಸಿದ್ದೇನೆ.